ರುಜು ಮೊದಲೇ ಬಿದ್ದ ಹಾಳೆ

ಗ್ರಾಮ ಪಂಚಾಯ್ತಿ, ಮುದ್ದಯ್ಯನಕೊಪ್ಪಲು
ಸಂತೆಬಾಚಹಳ್ಳಿ ಹೋಬಳಿ, ಕೆ.ಆರ್. ಪೇಟೆ ತಾಲ್ಲೂಕು
4 ಸೆಪ್ಟೆಂಬರ್ 2023

ಶ್ರೀಮತಿ ಲಿಗಾಯ ಕೋಂ ಲೇಟ್ ಶಿವಶಂಕರ್, ಶ್ರೀರಂಗಪಟ್ಟಣ, ಇವರಿಗೆ,

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಗ್ರಾಮದ ಮುಂಭಾಗದಲ್ಲಿದ್ದು ತಾವು ಭಾನುವಾರಗಳಂದು ಸಂಗೀತ ಪಾಠಕ್ಕೆ ಬಳಸುತ್ತಿರುವ ಹೆಂಚಿನ ಕೊಠಡಿಯು ಸಾರ್ವಜನಿಕ ಉದ್ದೇಶಕ್ಕೆ ಬೇಕಾಗಿರುತ್ತದೆ. ತಾವು ವಿದೇಶಿಯರಾಗಿದ್ದು ಸದರಿ ಸ್ವತ್ತಿನ ಮೇಲೆ ತಮಗೆ ಯಾವುದೇ ಹಕ್ಕು ಇರುವುದಿಲ್ಲ. ಏಳು ದಿನಗಳೊಳಗೆ ಖಾಲಿ ಮಾಡತಕ್ಕದ್ದು. ತಪ್ಪಿದಲ್ಲಿ ಬೀಗ ಹಾಕಲಾಗುವುದು.

(ರುಜು) ಪ್ರಮೀಳಾ ಹೊನ್ನಪ್ಪ
ಅಧ್ಯಕ್ಷರು

* * *

ಶ್ರೀರಂಗಪಟ್ಟಣ
9 ಸೆಪ್ಟೆಂಬರ್ 2023

ಮಾನ್ಯ ಅಧ್ಯಕ್ಷರಿಗೆ,

ಅಕ್ಕ ಎಂದು ಬರೆಯಬೇಕಿತ್ತು. ನೀವು ನನ್ನ ಗಂಡನ ಅಣ್ಣನ ಹೆಂಡತಿ, ಹದಿನೈದು ವರ್ಷದಿಂದ ನನ್ನ ವಾರಗಿತ್ತಿ. ಆದರೆ ನಿಮ್ಮ ಕಾಗದದಲ್ಲಿ ನಾನು ‘ವಿದೇಶಿಯರು’ ಆಗಿರುವಾಗ ಅಕ್ಕ ಅನ್ನಲು ಬಾಯಿ ಬರುತ್ತಿಲ್ಲ.

ಇದನ್ನು ಅಂಗನವಾಡಿ ಬೆಟ್ಟಮ್ಮನ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮಗೆ ಫೋನು ಮಾಡಿದ್ದೆ. “ಯಾರ್ ಬೇಕು? ಅಧ್ಯಕ್ಸರೇ ಮಾತಾಡ್ತಿರಾದು, ಯೋಳಿ” ಎಂದಿತು ಹೊನ್ನಪ್ಪ ಭಾವನ ದನಿ. ಅಧ್ಯಕ್ಷೆಯಾದ ಒಂದೇ ತಿಂಗಳಿಗೆ ನಿಮಗೆ ಮೀಸೆ ಬಂದಿರುವುದು ನನಗೆ ತಿಳಿದಿರಲಿಲ್ಲ.

ನನ್ನ ಕನ್ನಡ ಒರಟು ಅನ್ನಿಸಿದರೆ ತೀರಿಕೊಂಡ ಅತ್ತೆಯನ್ನು ಕೇಳಿ. ದ್ಯಾವಮ್ಮ ನನಗೆ ಮೊದಲು ಕಲಿಸಿದ್ದು ಬೈಗುಳ, ಆಮೇಲೆ ಸೊಪ್ಪಿನ ಹೆಸರು. ಅಕ್ಷರ ಕಲಿಸಿದ್ದು ಶಿವಶಂಕರ್. ಮಸ್ಕತ್ತಿನ ಹೋಟೆಲಿನಲ್ಲಿ ನಾನು ಪಿಟೀಲು ಬಾರಿಸುತ್ತಿದ್ದೆ, ಅವರು ಮೈಕು, ಸ್ಪೀಕರು ನೋಡಿಕೊಳ್ಳುತ್ತಿದ್ದರು. ಅಲ್ಲಿ ದುಡಿದದ್ದರಲ್ಲಿ ಅವರ ಪಾಲಿನ ಜಾಗದಲ್ಲಿ ನನಗೋಸ್ಕರ ಕಟ್ಟಿಸಿದ ಕೊಠಡಿ ಅದು. ಕೊರೊನಾ ಅವರನ್ನು ಕರೆದುಕೊಂಡು ಹೋದ ಮೇಲೂ ನಾನು ಒಂದು ಭಾನುವಾರವೂ ತಪ್ಪಿಸಿಲ್ಲ. ಬೆಳಗಿನ ಬಸ್ಸಿಗೆ ಬಂದು ಊರಿನ ಏಳು ಹೆಣ್ಣುಮಕ್ಕಳಿಗೆ ಪಾಠ ಹೇಳಿ ಹೋಗುತ್ತೇನೆ. ಇದು ನಿಮಗೆ ಗೊತ್ತು. ನೀವೇ ಎಷ್ಟೋ ಸಲ ಕಾಫಿ ಕಳಿಸಿದ್ದೀರಿ.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ನನ್ನದೂ ರಾಜಕೀಯದ ಮನೆ. ಫಿಲಿಪ್ಪೀನ್ಸಿನ ನಮ್ಮ ದ್ವೀಪದ ಊರಿಗೆ ಅಜ್ಜ ಮೇಯರು, ಅಪ್ಪ ಮೇಯರು. ಒಬ್ಬನೇ ಸತತ ಮೂರು ಅವಧಿಗಿಂತ ಹೆಚ್ಚು ಕೂರುವಂತಿಲ್ಲ ಎಂಬ ಕಾಯಿದೆ ಅಲ್ಲಿ. ಅಪ್ಪನ ಮೂರೂ ಮುಗಿದಾಗ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರು. ಅಮ್ಮ ರುಜು ಮಾಡುತ್ತಿದ್ದದ್ದು ಮನೆಯ ಊಟದ ಮೇಜಿನ ಮೇಲೆ. ಅಪ್ಪ ತಟ್ಟೆಯ ಪಕ್ಕಕ್ಕೆ ತಳ್ಳಿದ ಖಾಲಿ ಹಾಳೆಗಳ ಕೆಳತುದಿಯಲ್ಲಿ, ಎಡಗೈಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಾ. ನಿಮ್ಮ ನೋಟೀಸು ಬಿಚ್ಚಿದಾಗ ನನಗೆ ಆ ಮೀನಿನ ವಾಸನೆ ಬಂತು.

ಒಂದೇ ಪ್ರಶ್ನೆ. ಇದನ್ನು ಬರೆದವರು ನೀವಾ, ನಿಮ್ಮ ಮೀಸೆಯಾ?

ಲಿಗಾಯ

* * *

ಮುದ್ದಯ್ಯನಕೊಪ್ಪಲು
20 ಸೆಪ್ಟೆಂಬರ್ 2023

ಲಿಗಾಯ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ನೋಟೀಸಂತೆ ನೋಟೀಸು! ಯಾವ ನೋಟೀಸು? ನಾನು ಯಾರಿಗೂ ಕಳಿಸಿಲ್ಲ. ಯಾರೋ ಹೇಳಿದ್ದನ್ನು ಕೇಳಿಕೊಂಡು ನನ್ನ ಮೇಲೆ ಹಾರಾಡಬೇಡ.

ನಾನು ದೇವಲಾಪುರದ ರಂಗಸ್ವಾಮಿಯ ಮಗಳು. ಪಿಯುಸಿ ಓದಿದವಳು. ನಮ್ಮಪ್ಪ ಮಂಡಲ ಪಂಚಾಯ್ತಿ ಕಾಲದಲ್ಲೇ ಮೆಂಬರಾಗಿದ್ದವರು. ಕುಡಿಯುವವರ ಮುಂದೆ ನಿಂತು ಪಿಟೀಲು ಕುಯ್ದು ಬಂದವಳಿಂದ ನಾನು ಆಡಳಿತ ಕಲಿಯಬೇಕಾ? ಫೋನು ನಿಮ್ಮ ಭಾವನ ಹತ್ತಿರ ಇದ್ದರೆ ನಿನಗೇನು ಕಷ್ಟ? ದಿನಕ್ಕೆ ನೂರು ಜನ ಮಾಡುತ್ತಾರೆ. ನಾನು ಒಲೆ ಮುಂದೆ ನಿಲ್ಲಲೋ, ಫೋನು ಹಿಡಿಯಲೋ?

ನಿಮ್ಮಮ್ಮ ಮೀನು ತಿನ್ನುತ್ತಾ ರುಜು ಹಾಕಿದರೆ ಅದು ನಿಮ್ಮ ದೇಶದ ಸಂಸ್ಕಾರ. ನಾನು ಹಾಕಿದ್ದು ದೇವರ ಮನೆಯಲ್ಲಿ, ಅಧಿಕಾರ ವಹಿಸಿಕೊಂಡ ಬೆಳಿಗ್ಗೆ, ಸ್ನಾನ ಮಾಡಿ. “ಐದಕ್ಕೆ ಆಕ್ಬುಡು, ಒಳ್ಳೇದಾಯ್ತದೆ” ಎಂದರು ನಿಮ್ಮ ಭಾವ. ಐದು ಲೆಟರ್‌ಹೆಡ್ಡಿಗೆ ಹಾಕಿ ನಾನೇ ಸೀಲು ಒತ್ತಿ ಕುಂಕುಮ ಇಟ್ಟೆ. ಅದಕ್ಕೂ ನಿನ್ನ ಅಡುಗೆಮನೆ ಕತೆಗೂ ಏನು ಸಂಬಂಧ?

ಶಿವಶಂಕರ್ ಹೋದ ಮೇಲೆ ನಿನ್ನನ್ನು ಈ ಊರಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ. ಆ ಉಪಕಾರ ನೆನಪಿರಲಿ.

ಪ್ರಮೀಳಾ

* * *

ಶ್ರೀರಂಗಪಟ್ಟಣ
27 ಸೆಪ್ಟೆಂಬರ್ 2023

ಪ್ರಮೀಳಕ್ಕನವರೇ,

ನೋಟೀಸಿನ ಜೆರಾಕ್ಸ್ ಇಟ್ಟಿದ್ದೇನೆ. ಅಸಲು ನನ್ನ ಹತ್ತಿರವೇ ಇರುತ್ತದೆ. ಅದರ ಮೂಲೆಯಲ್ಲಿ ಕುಂಕುಮದ ಬೊಟ್ಟು ಇದೆ, ಜೆರಾಕ್ಸಿನಲ್ಲಿ ಕಪ್ಪಗೆ ಬಂದಿದೆ. ನೋಡಿಕೊಳ್ಳಿ.

ನಾನು ಹೋಟೆಲಿನಲ್ಲಿ ಬಾರಿಸಿದ್ದು ನಿಜ. ಕುಡಿದವರು ಕನಿಷ್ಠ ಪಕ್ಷ ಕೇಳುತ್ತಿದ್ದರು. ಅದಕ್ಕೂ ಮೊದಲು ನಾನು ಎಲ್ಲಿ ಬಾರಿಸುತ್ತಿದ್ದೆ ಎಂದು ಹೇಳುತ್ತೇನೆ, ಶಿವಶಂಕರ್ ಬಿಟ್ಟು ಬೇರೆ ಯಾರಿಗೂ ಹೇಳಿದ್ದಲ್ಲ.

ನಮ್ಮಲ್ಲಿ ಚುನಾವಣೆ ಅಂದರೆ ಹಾಡು, ಕುಣಿತ. ಅಪ್ಪನ ಲಾರಿಯ ಮೇಲೆ ಏಳು ವರ್ಷದ ನಾನು ಬಿಳಿ ಫ್ರಾಕು ಹಾಕಿಕೊಂಡು ಪಿಟೀಲು ಹಿಡಿದು ನಿಲ್ಲುತ್ತಿದ್ದೆ. ಹಾಡು ಟೇಪಿನದು. ಮನಿಲಾದ ಯಾರೋ ಬಾರಿಸಿ ಕಳಿಸಿದ್ದು. ನನ್ನ ಕಮಾನಿಗೆ ಅಮ್ಮ ಬೆಳಿಗ್ಗೆ ಬಟ್ಟೆ ಸೋಪು ತಿಕ್ಕುತ್ತಿದ್ದಳು. ಕಮಾನಿನ ಕೂದಲಿಗೆ ರಾಳ ಹಚ್ಚಿದರೆ ತಂತಿ ಹಿಡಿಯುತ್ತದೆ, ದನಿ ಬರುತ್ತದೆ. ಸೋಪು ಹಚ್ಚಿದರೆ ಜಾರುತ್ತದೆ, ಎಷ್ಟು ಎಳೆದರೂ ಉಸಿರಿಲ್ಲ. ನಾನು ಎಳೆಯುವುದು, ಟೇಪು ಹಾಡುವುದು, ಜನ ಚಪ್ಪಾಳೆ ತಟ್ಟುವುದು. ಒಂಬತ್ತು ವರ್ಷ. ಪತ್ರಿಕೆಯವರು ನನ್ನನ್ನು ಬಾಲ ಪ್ರತಿಭೆ ಎಂದು ಬರೆದರು. ನನಗೆ ಆಗ ಒಂದು ಸ್ವರ ನೆಟ್ಟಗೆ ಹಿಡಿಯಲು ಬರುತ್ತಿರಲಿಲ್ಲ.

ಹದಿನಾರರಲ್ಲಿ ಒಂದು ಬೆಳಿಗ್ಗೆ ಕಮಾನನ್ನು ತೊಳೆದು ಒಣಗಿಸಿ ರಾಳ ಹಚ್ಚಿಕೊಂಡು ಲಾರಿ ಹತ್ತಿದೆ. ಮಾರುಕಟ್ಟೆಯ ಮುಂದೆ ಟೇಪು ಒಂದು ಕಡೆ ಹೋಯಿತು, ನಾನು ಒಂದು ಕಡೆ ಹೋದೆ. ಕತ್ತೆ ಕಿರುಚಿದ ಹಾಗಿತ್ತು. ಜನ ನಕ್ಕರು. ಅಪ್ಪ ಅಲ್ಲೇ ಕೆನ್ನೆಗೆ ಹೊಡೆದ. ಆದರೆ ಅಕ್ಕ, ಆ ಕತ್ತೆಯ ದನಿ ನನ್ನದು. ಅಂದಿನಿಂದ ನಾನು ಕಲಿತೆ, ಆ ಮನೆ ಬಿಟ್ಟೆ.

ನಿಮ್ಮ ದೇವರ ಮನೆಯ ಐದು ಹಾಳೆ ಅಂದಿರಲ್ಲ, ಅವಕ್ಕೂ ಅದೇ ಸೋಪು ಹಚ್ಚಿದೆ.

ಲಿಗಾಯ

* * *

ಮುದ್ದಯ್ಯನಕೊಪ್ಪಲು
14 ನವೆಂಬರ್ 2023

ಲಿಗಾಯ,

ಜೆರಾಕ್ಸ್ ನೋಡಿದೆ. ಹೌದು, ನಾನೇ ಕಳಿಸಿದ್ದು. ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದೆ. ಪಂಚಾಯ್ತಿಗೆ ಜಾಗ ಬೇಕು, ಯೋಚನೆ ಮಾಡಿಯೇ ಬರೆದಿದ್ದೇನೆ. ನಾನು ಓದದೆ ರುಜು ಹಾಕುವವಳಲ್ಲ. ಇನ್ನು ಮೇಲೆ ಈ ವಿಚಾರಕ್ಕೆ ಕಾಗದ ಬರೆಯಬೇಡ.

ಪ್ರಮೀಳಾ ಹೊನ್ನಪ್ಪ
ಅಧ್ಯಕ್ಷರು

* * *

ಶ್ರೀರಂಗಪಟ್ಟಣ
22 ನವೆಂಬರ್ 2023

ಅಧ್ಯಕ್ಷರೇ,

ನಿಮ್ಮ ಸುಳ್ಳು ನಾಲ್ಕು ಸಾಲಿನದು. ನನ್ನ ಅಮ್ಮನದು ಒಂದೇ ಸಾಲು.

ಅವಳ ಖಾಲಿ ಹಾಳೆಯ ಮೇಲೆ ಅಪ್ಪ ಬಡವರ ಒಂದು ಕೇರಿಯನ್ನೇ ತೆಗೆಸುವ ಆಜ್ಞೆ ಬರೆದುಕೊಂಡಿದ್ದ. ತನಿಖೆ ಬಂತು. “ನಾನು ಬರೆದದ್ದಲ್ಲ” ಎಂದಿದ್ದರೆ ಅವಳು ಉಳಿಯುತ್ತಿದ್ದಳು. ಆದರೆ ಮೇಯರಮ್ಮ ಬೊಂಬೆ ಎಂದು ಊರು ನಗಬಾರದಲ್ಲ! “ಓದಿಯೇ ಸಹಿ ಮಾಡಿದ್ದೇನೆ” ಎಂದಳು. ಆರು ವರ್ಷ ಜೈಲು. ಅಪ್ಪ ಅವಳನ್ನು ನೋಡಲು ಹೋದದ್ದು ಎರಡು ಸಲ, ಎರಡೂ ಸಲ ಫೋಟೋದವನ ಜೊತೆ. ಹೋದ ವರ್ಷ ಅವಳು ತೀರಿಕೊಂಡಾಗ ಶವದ ಪೆಟ್ಟಿಗೆಯ ಪಕ್ಕದಲ್ಲಿ ಈಗಿನ ಮೇಯರಾದ ನನ್ನಣ್ಣನ ಮತದ ಪೋಸ್ಟರು ನಿಲ್ಲಿಸಿದ್ದರಂತೆ. ನನ್ನನ್ನು ಪಿಟೀಲು ತರಲು ಹೇಳಿದರು. ನಾನು ಹೋಗಲಿಲ್ಲ. ಅಮ್ಮನ ಮುಖ ನೋಡಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಭಾನುವಾರ ಬಂದಿದ್ದೆ. ಬೀಗ ಬಿದ್ದಿದೆ. ಭಾವ ಜಗಲಿಯ ಮೇಲೆ ಕೂತು, “ನೋಟೀಸ್ ಕೊಟ್ಟಾಗೈತಲ್ಲಮ್ಮ, ಕಾನೂನು ಅಂದ್ರೆ ಕಾನೂನು” ಎಂದರು. ಬಾಗಿಲಿಗೆ ಅವರ ಫೋಟೋದ ಫ್ಲೆಕ್ಸು, ‘ಜನಸಂಪರ್ಕ ಕಚೇರಿ’ ಎಂದು. ಒಳಗೆ ಏಳು ಪಿಟೀಲು ಇವೆ. ಮಕ್ಕಳು ಕಿಟಕಿಯಿಂದ ಇಣುಕಿ ಹೋದರು.

ಅಮ್ಮನಿಗೆ ನಾನು ಇದನ್ನು ಹೇಳಲಿಲ್ಲ, ನಿಮಗೆ ಹೇಳಿದ್ದೇನೆ. ಇನ್ನು ನಾನು ಬರೆಯುವುದಿಲ್ಲ.

ಲಿಗಾಯ

* * *

ಗ್ರಾಮ ಪಂಚಾಯ್ತಿ, ಮುದ್ದಯ್ಯನಕೊಪ್ಪಲು
ಸಂತೆಬಾಚಹಳ್ಳಿ ಹೋಬಳಿ, ಕೆ.ಆರ್. ಪೇಟೆ ತಾಲ್ಲೂಕು
7 ಫೆಬ್ರವರಿ 2024

ಲಿಗಾಯ,

ಲೆಟರ್‌ಹೆಡ್ಡು ನೋಡಿ ಇನ್ನೊಂದು ನೋಟೀಸು ಎಂದು ಹರಿದುಹಾಕಬೇಡ. ಮೊದಲು ಕೆಳಗೆ ನೋಡು. ರುಜು, ಸೀಲು, ಕುಂಕುಮ ಆಗಸ್ಟಿನಲ್ಲೇ ಬಿದ್ದವು. ಮೇಲಿನ ಬರಹ ಇವತ್ತಿನದು.

ಗಣರಾಜ್ಯೋತ್ಸವಕ್ಕೆ ಬಾವುಟ ಹಾರಿಸಬೇಕಾದವಳು ನಾನು. ಹೊಸ ಸೀರೆ ಉಟ್ಟು ಕಂಬದ ಹತ್ತಿರ ನಿಂತೆ. ನಿಮ್ಮ ಭಾವ ಪಕ್ಕದಲ್ಲಿ ಬಂದು, “ನೀ ಸುಮ್ಕೆ ಮುಟ್ಕೊಂಡ್ ನಿಂತ್ಕಳೆ, ನಾ ಎಳೀತೀನಿ” ಎಂದರು. ನಾನು ಹಗ್ಗ ಮುಟ್ಟಿಕೊಂಡು ನಿಂತೆ, ಅವರು ಎಳೆದರು. ಬಾವುಟ ಬಿಚ್ಚಿಕೊಂಡಿತು, ಫೋಟೋ ಹೊಡೆದರು, ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಕೈಗೆ ನಿನ್ನ ಸೋಪು ಹತ್ತಿದ ಹಾಗಾಯಿತು. ನವೆಂಬರಿನಲ್ಲಿ ನಾನು ಬರೆದದ್ದು ಸುಳ್ಳು. ಬೊಂಬೆ ಅನ್ನಿಸಿಕೊಳ್ಳುವುದಕ್ಕಿಂತ ಪಾಪಿ ಅನ್ನಿಸಿಕೊಳ್ಳುವುದು ಮೇಲು ಎಂದುಕೊಂಡಿದ್ದೆ. ಥೂ, ಎಂಥ ಮರ್ಯಾದೆ ನನ್ನದು!

ಅವರು ಪೇಟೆಗೆ ಹೋದಾಗ ಬೀರು ತೆಗೆದೆ. ಹಾಕಿದ್ದು ಐದು. ಒಂದು ನಿನಗೆ ಬಂದ ನೋಟೀಸಾಯಿತು. ಸಿಕ್ಕಿದ್ದು ಮೂರು. ಎತ್ತಿ ಸೆರಗಿನೊಳಗೆ ಇಟ್ಟುಕೊಂಡೆ.

ಮೊನ್ನೆ ಗ್ರಾಮಸಭೆ. ನಿನ್ನ ಜೆರಾಕ್ಸನ್ನು ಪಿಡಿಓ ಕೈಗೆ ಕೊಟ್ಟು ಓದಿ ಎಂದೆ. ಓದಿದರು. ಪಂಚಾಯ್ತಿಯ ರವಾನೆ ಪುಸ್ತಕದಲ್ಲಿ ಇಂಥದ್ದೊಂದು ಹೋಗಿಯೇ ಇಲ್ಲ ಎಂದರು. ನಾನು ಎದ್ದು ನಿಂತು, “ಇದ್ನ ನಾನ್ ಬರ್ದಿಲ್ಲ. ಖಾಲಿ ಹಾಳೇಗೆ ರುಜು ಆಕ್ಕೊಟ್ಟಿದ್ದೆ. ಬರ್ದೋರು ನಮ್ಮನೆಯೋರು” ಎಂದೆ.

“ಏಯ್, ಕೂತ್ಕಳೆ! ತಲೆಗಿಲೆ ಕೆಟ್ಟದಾ ನಿಂಗೆ?” ಎಂದು ಅಬ್ಬರಿಸಿದರು. ಸದಸ್ಯರೆಲ್ಲ ನೆಲ ನೋಡಿದರು. ಹಿಂದಿನಿಂದ ಕುಳ್ಳಮ್ಮಜ್ಜಿ, “ಅವ್ಳು ಅಧ್ಯಕ್ಸೆ ಕಣ್ಲಾ. ನೀನ್ಯಾರ್ಲಾ ಕೂರ್ಸೋಕೆ?” ಎಂದಳು. ಸಭೆ ಗೊಳ್ಳೆಂದು ನಕ್ಕಿತು. ಅವರನ್ನು ಕಂಡು ಜನ ನಕ್ಕದ್ದು ನಾನು ಕಂಡಂತೆ ಅದೇ ಮೊದಲು.

ಕೀಲಿ ಮಾತ್ರ ಕೊಡಲಿಲ್ಲ. “ರುಜು ನಿಂದೇ ತಾನೆ? ಬಾಯ್ಮಾತ್ಗೆಲ್ಲ ಬೀಗ ತೆಗ್ಯಕ್ಕಾಯ್ತದಾ?” ಎಂದರು. ಮನೆಗೆ ಬಂದ ಮೇಲೆ ನನ್ನ ಸೀರೆಗಳನ್ನು ಬ್ಯಾಗಿಗೆ ತುಂಬಿ ಬಾಗಿಲಿಗೆ ಇಟ್ಟರು. ನಾಳೆ ದೇವಲಾಪುರಕ್ಕೆ ಹೋಗುತ್ತೇನೆ. ಅಪ್ಪನ ವಿಳಾಸಕ್ಕೆ ಬರೆ. ಜಾಗ ಮುಗಿಯಿತು.

(ರುಜು) ಪ್ರಮೀಳಾ ಹೊನ್ನಪ್ಪ
ಅಧ್ಯಕ್ಷರು

* * *

ಶ್ರೀರಂಗಪಟ್ಟಣ
12 ಫೆಬ್ರವರಿ 2024

ಅಕ್ಕ,

ಬರೆಯುವುದಿಲ್ಲ ಎಂದಿದ್ದೆ. ಮಾತು ತಪ್ಪುವುದು ನಮ್ಮ ಮನೆತನದ ಕಸುಬು, ನನಗೂ ಸ್ವಲ್ಪ ಬರುತ್ತದೆ.

ನಿಮ್ಮ ಕಾಗದವನ್ನು ಮನೆಯ ಮಾಲೀಕರಾದ ನಜ್ಮುನ್ನೀಸಾ ಆಪಾಗೆ ಓದಿ ಹೇಳಿದೆ. ಹಗ್ಗದ ಭಾಗ ಬಂದಾಗ, “ಯಾ ಅಲ್ಲಾ, ಝಂಡಾ ಹಾರ್ಸಕ್ಕೂ ಗಂಡನೇ ಬೇಕಾ?” ಎಂದು ಹಣೆ ಚಚ್ಚಿಕೊಂಡರು. ನೀವು ಎದ್ದು ನಿಂತದ್ದು ಕೇಳಿ ಎರಡನೇ ಸಲ ಓದಿಸಿದರು.

ನಾನು ಹೊಗಳುವುದಿಲ್ಲ. ಐದು ತಿಂಗಳು ತಡ ಮಾಡಿದಿರಿ. ಆದರೆ ಒಂದು ಲೆಕ್ಕ ಕೇಳುತ್ತೇನೆ. ಹಾಕಿದ್ದು ಐದು, ನನಗೆ ಬಂದದ್ದು ಒಂದು, ನಿಮಗೆ ಸಿಕ್ಕಿದ್ದು ಮೂರು. ಇನ್ನೊಂದು ಎಲ್ಲಿ? ಅಮ್ಮನನ್ನು ಜೈಲಿಗೆ ಕಳಿಸಿದ್ದೂ ಒಂದೇ ಹಾಳೆ.

ಲಿಗಾಯ

* * *

ಗ್ರಾಮ ಪಂಚಾಯ್ತಿ, ಮುದ್ದಯ್ಯನಕೊಪ್ಪಲು
ಸಂತೆಬಾಚಹಳ್ಳಿ ಹೋಬಳಿ, ಕೆ.ಆರ್. ಪೇಟೆ ತಾಲ್ಲೂಕು
(ಬರೆಯುತ್ತಿರುವುದು ದೇವಲಾಪುರದಿಂದ)
5 ಮಾರ್ಚ್ 2024

ಲಿಗಾಯ,

ಐದನೆಯದು ಎಲ್ಲಿದೆ ಎಂದು ಗೊತ್ತಾಯಿತು. ಪಾಂಡವಪುರದಲ್ಲಿ, ಉಪವಿಭಾಗದ ಎ.ಸಿ. ಸಾಹೇಬರ ಮೇಜಿನ ಮೇಲೆ. ‘ಅನಾರೋಗ್ಯದ ನಿಮಿತ್ತ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ’ ಎಂದು ಎರಡು ಸಾಲು ಟೈಪು. ಕೆಳಗೆ ನನ್ನ ರುಜು. ಒಂದನೇ ತಾರೀಕು ನಿಮ್ಮ ಭಾವ ಕೊಟ್ಟು ಬಂದಿದ್ದಾರೆ. ಪಿಡಿಓ ಅಪ್ಪನಿಗೆ ಫೋನು ಮಾಡಿ ತಿಳಿಸಿದರು. ನನಗೆ ಅನಾರೋಗ್ಯವಂತೆ! ನಾನು ಇಲ್ಲಿ ದಿನಾ ಎರಡು ಹಸು ಕರೆದು ಡೈರಿಗೆ ಹಾಲು ಹಾಕಿ ಬರುತ್ತಿದ್ದೇನೆ.

ಹತ್ತು ದಿನದೊಳಗೆ ಒಂದು ಅರ್ಜಿ ಕೊಟ್ಟು ವಾಪಸ್ಸು ತೆಗೆದುಕೊಂಡರೆ ಸಾಕು ಎನ್ನುತ್ತಾರೆ ಪಿಡಿಓ. ನನಗೆ ಸಾಲದು. ವಾಪಸ್ಸು ತೆಗೆದುಕೊಂಡರೆ ನಾನೇ ಬರೆದು, ನಾನೇ ಮನಸ್ಸು ಬದಲಾಯಿಸಿದಂತೆ ಆಗುತ್ತದೆ. ನಾನು ಬರೆಯಲೇ ಇಲ್ಲ ಎಂದು ದಾಖಲಾಗಬೇಕು. ಇಲ್ಲದಿದ್ದರೆ ನಿನ್ನ ನೋಟೀಸೂ ನನ್ನ ತಲೆಯ ಮೇಲೇ ಉಳಿಯುತ್ತದೆ, ಬೀಗವೂ ಹಾಗೇ ಇರುತ್ತದೆ.

ಸೋಮವಾರ, ಹನ್ನೊಂದಕ್ಕೆ, ಕರೆದಿದ್ದಾರೆ. ನಿನ್ನ ಹತ್ತಿರ ಇರುವ ನೋಟೀಸಿನ ಅಸಲು, ಫೆಬ್ರವರಿಯ ನನ್ನ ಕಾಗದ, ಮತ್ತು ಇದು, ಮೂರನ್ನೂ ತಾ. ಎಲ್ಲದರಲ್ಲೂ ರುಜು, ಸೀಲು, ಕುಂಕುಮ ಅದೇ ಜಾಗದಲ್ಲಿ ಇವೆ. ಅಪ್ಪನ ಫೋನಿನಿಂದ ಇಷ್ಟನ್ನು ಹೇಳಬಹುದಿತ್ತು. ನಿನ್ನನ್ನು ಕೇಳಿಕೊಳ್ಳುವಾಗ ದನಿ ನಡುಗುತ್ತದೆ, ಅದು ನಿನಗೆ ಕೇಳಿಸುವುದು ಬೇಡ ಎಂದು ಬರೆದೆ.

(ರುಜು) ಪ್ರಮೀಳಾ ಹೊನ್ನಪ್ಪ
ಅಧ್ಯಕ್ಷರು

* * *

ಶ್ರೀರಂಗಪಟ್ಟಣ
7 ಮಾರ್ಚ್ 2024

ಅಕ್ಕ,

ತರುತ್ತೇನೆ. ಹತ್ತು ಗಂಟೆಗೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ.

ಪಿಟೀಲು ಕುಯ್ದವಳು ಎಂದು ನೀವು ಬರೆದ ಕಾಗದವನ್ನೂ ತರುತ್ತೇನೆ. ಅದು ಬರಿಯ ಹಾಳೆಯ ಮೇಲಿದೆ, ಸೀಲಿಲ್ಲ. ನೀವು ನಿಜವಾಗಿ ಬರೆದರೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತಾಗಲಿ. ಭಾವನ ಎರಡು ಸಾಲಿನಲ್ಲಿ ಅಷ್ಟು ಖಾರ ಇರಲು ಸಾಧ್ಯವಿಲ್ಲ.

ದನಿ ನಡುಗಿದರೆ ನಡುಗಲಿ. ನನ್ನದು ಕತ್ತೆಯ ಹಾಗಿತ್ತು.

ಲಿಗಾಯ

* * *

ಗ್ರಾಮ ಪಂಚಾಯ್ತಿ, ಮುದ್ದಯ್ಯನಕೊಪ್ಪಲು
ಸಂತೆಬಾಚಹಳ್ಳಿ ಹೋಬಳಿ, ಕೆ.ಆರ್. ಪೇಟೆ ತಾಲ್ಲೂಕು
14 ಮಾರ್ಚ್ 2024

ಲಿಗಾಯ,

ಇದು ಕೊನೆಯ ಹಾಳೆ. ನಿನ್ನ ಕೊಠಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಸೋಮವಾರ ನೀನು ನಿನ್ನ ಬಸ್ಸು ಹತ್ತಿದ ಮೇಲೂ ನನಗೆ ಒಂದೇ ನೆನಪು. ಸಾಹೇಬರು ನಾಲ್ಕು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು. ನನ್ನ ಕಾಗದಗಳಲ್ಲಿ ರುಜುವಿಗೆ ತಾಗುವಷ್ಟು ಅಕ್ಷರ ಇರುಕಿಕೊಂಡಿವೆ. ರಾಜೀನಾಮೆಯಲ್ಲಿ ಮೇಲೆ ಎರಡು ಸಾಲು, ಮಧ್ಯೆ ಒಂದು ಗೇಣು ಖಾಲಿ, ಆಮೇಲೆ ರುಜು. “ಇಷ್ಟು ಜಾಗ ಯಾಕೆ ಬಿಟ್ಟಿರಿ?” ಎಂದು ಕೇಳಿದಾಗ ನಿಮ್ಮ ಭಾವ, “ಅವ್ಳೇ ಬುಟ್ಟಿರಾದು ಸಾ, ನಂಗೇನ್ ಗೊತ್ತು” ಎಂದರಲ್ಲ, ಆಗ ನನಗೆ ಸಿಟ್ಟೂ ಬರಲಿಲ್ಲ. ಇಂಥವರಿಗೆ ಇಷ್ಟು ದಿನ ಹೆದರಿದ್ದೆನಾ ಅನ್ನಿಸಿತು. ಬಾವುಟದ ಭಾಗವನ್ನು ಸಾಹೇಬರು ಗಟ್ಟಿಯಾಗಿ ಓದಿದಾಗ ನಿಮ್ಮ ಭಾವ ಎದ್ದು ಹೊರಗೆ ಹೋದರು.

‘ಅಧ್ಯಕ್ಷರು ಬರೆದದ್ದಲ್ಲ’ ಎಂದು ಬರೆದ ಆದೇಶದ ನಕಲು ನಿನ್ನೆ ಬಂತು. ಖಾಲಿ ಹಾಳೆಗೆ ರುಜು ಹಾಕಿದ್ದಕ್ಕೆ ನನಗೂ ಎಚ್ಚರಿಕೆ ಕೊಟ್ಟಿದ್ದಾರೆ. ಅದು ನ್ಯಾಯವೇ. ಬೀಗ ನಾನೇ ತೆಗೆದೆ. ಫ್ಲೆಕ್ಸನ್ನು ಕುಳ್ಳಮ್ಮಜ್ಜಿ ಹಿತ್ತಲ ಸೌದೆ ಮುಚ್ಚಲು ಕೇಳಿದಳು, ಕೊಟ್ಟೆ. ಎರಡು ಪಿಟೀಲಿನ ಅಂಟು ಬಿಟ್ಟಿದೆ. ಒಂದು ಕಮಾನಿನ ಕೂದಲನ್ನು ಇಲಿ ತಿಂದಿದೆ. ಮಿಕ್ಕವು ಚೆನ್ನಾಗಿವೆ.

ಮನೆಗೆ ವಾಪಸ್ಸು ಬಂದಿದ್ದೇನೆ, ಅದು ನನ್ನ ಮನೆಯೂ ಹೌದು. ಅವರು ಮಾತಾಡುವುದಿಲ್ಲ. ಬಹಳ ನೆಮ್ಮದಿಯಾಗಿದೆ. ಫೋನು ಇಸಿದುಕೊಂಡೆ. ಅದರ ತುಂಬ ಗುಡ್ ಮಾರ್ನಿಂಗ್ ಹೂವುಗಳು, ಬೇರೆ ಏನೂ ಇಲ್ಲ. ಇದಕ್ಕಾ ಇಷ್ಟು ದಿನ ಜೇಬಿನಲ್ಲಿ ಇಟ್ಟುಕೊಂಡು ಮೆರೆದದ್ದು?

ಇನ್ನೊಂದು ಮಾತು. ನನ್ನ ಯಾವ ಸಭೆಗೂ, ಯಾವ ಚುನಾವಣೆಗೂ ನೀನು ಪಿಟೀಲು ಬಾರಿಸಬೇಡ. ನಾನೇ ಕೇಳಿದರೂ ಒಲ್ಲೆ ಅನ್ನು.

ರುಜುವಿನ ಮೇಲೆ ಇನ್ನೂ ನಾಲ್ಕು ಬೆರಳು ಜಾಗವಿದೆ. ಖಾಲಿ ಬಿಡುವ ಹಾಗಿಲ್ಲ. ಏನು ಬರೆಯಲಿ? ಬೆಟ್ಟಮ್ಮ ಕೇಳಿದಳೆಂದು ಹೇಳು ಅಂದಳು. ಹಸು ಕರು ಹಾಕಿದೆ, ಹೆಣ್ಣು. ಭಾನುವಾರ ಬರುವಾಗ ರಾಳ ತಾ, ಇಲ್ಲಿದ್ದದ್ದು ಪುಡಿಯಾಗಿದೆ. ಊಟಕ್ಕೆ ನಮ್ಮ ಮನೆಗೇ ಬಾ. ಮಕ್ಕಳಿಗೆ ಹೇಳಿಯಾಗಿದೆ, ಏಳೂ ಜನ ಬರುತ್ತಾರೆ. ಎಂಟನೆಯವಳನ್ನು ಸೇರಿಸಿಕೊಳ್ಳುತ್ತೀಯಾ? ವಯಸ್ಸು ನಲವತ್ತಾರು, ಬೆರಳು ದಪ್ಪ, ಮೊದಮೊದಲು ಕತ್ತೆಯ ಹಾಗೇ ಕೇಳಿಸಬಹುದು. ಇಗೋ, ರುಜುವಿಗೆ ತಾಗಿತು.

(ರುಜು) ಪ್ರಮೀಳಾ ಹೊನ್ನಪ್ಪ
ಅಧ್ಯಕ್ಷರು